ಕಣ್ಣಿಲ್ಲದ ಕುದುರೆಯ ಮುಖಪುಟ

ಕಳೆದ ವರ್ಷ ಯುಗಾದಿಯ ಮಾರನೆಯ ದಿನ ಥ್ರ್ಯಾಶ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ನಮ್ಮ ಬ್ಯಾಂಡಿನ ಮೊದಲ ಆಲ್ಬಂಗೆ ತುಮಕೂರಿನ ಪ್ರೆಸ್ಸೊಂದರಲ್ಲಿ ಸಿ.ಡಿ. ಮುಖಪುಟಗಳು ಅಚ್ಚಾದವು. ಮುಖಪುಟದ ಕುದುರೆಗೆ ಕಣ್ಣಿರಲಿಲ್ಲ. ಅಚ್ಚಿಗೆ ಕಳಿಸಿದವನು ನಾನು.

ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಡ್ರಮ್ಮರ್ ಕುಣಿಗಲ್‌ನವನು, ಅವನ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಥ್ರ್ಯಾಶ್‌ನಲ್ಲಿ ಗಿಟಾರಿನ ತಂತಿಯನ್ನು ಅಂಗೈಯಿಂದ ಅದುಮಿ ಬಿರುಸಾಗಿ ಮೀಟುವ ಒಂದು ಬಗೆಯಿದೆ. ಕೇಳಿದರೆ ಕುದುರೆ ನಾಗಾಲೋಟದಲ್ಲಿ ಓಡಿದಂತಿರುತ್ತದೆ. ಆಲ್ಬಂನ ಎಂಟೂ ಹಾಡು ಆ ಓಟದ ಮೇಲೆ ನಿಂತಿವೆ.

ಚಿತ್ರ ಬರೆದವರು ಗುಬ್ಬಿಯ ನನ್ನ ಸೋದರಮಾವ. ನಾಟಕದ ಪರದೆ ಬರೆದು ಬದುಕಿದವರು. ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಇದೇ ಕೊನೆಯ ಚಿತ್ರ ಎಂದು ಅವರೇ ಹೇಳಿದ್ದರು. ಯಾವ ಮುಖವೇ ಆಗಲಿ, ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ, ಸ್ನಾನ ಮಾಡಿ ವಿಭೂತಿ ಧರಿಸಿ ಬರೆಯುವುದು ಅವರ ಪದ್ಧತಿ.

ಅವರ ಜಗಲಿಯಲ್ಲಿ ಕೂತು ಫೋನಿನಿಂದ ಏಳು ಹಾಡು ಕೇಳಿಸಿದೆ. ಒಳಗಿನಿಂದ ಅತ್ತೆ, “ಏನ್ಲಾ ಅದು, ಮಿಲ್ಲಿನ ಬೆಲ್ಟ್ ಕಿತ್ತೋಯ್ತಾ?” ಎಂದರು.

“ಸುಮ್ಕಿರೇ,” ಎಂದ ಮಾವ ನನ್ನ ಕಡೆ ತಿರುಗಿದರು. “ಈ ಕುದ್ರೆ ಹೆದರ್ಕಂಡು ಓಡ್ತೈತೋ, ಯಾರ್ನಾದ್ರೂ ಅಟ್ಟಿಸ್ಕಂಡು ಓಡ್ತೈತೋ?”

“ಗೊತ್ತಿಲ್ಲ ಮಾವ. ಕೊನೇ ಹಾಡು ಇನ್ನೂ ರೆಕಾರ್ಡ್ ಆಗಿಲ್ಲ.”

“ಅದನ್ನ ಕೇಳ್ದೆ ಕಣ್ಣು ಬರ್ಯಕ್ಕಾಗಲ್ಲ ಕಣೋ.”

ರೆಕಾರ್ಡ್ ಆದ ಮೇಲೆ ಹಾಡನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನಕ್ಕೆ ಅತ್ತೆಯ ಫೋನಿನಿಂದ ಚಿತ್ರದ ಫೋಟೊ ಬಂತು. ಕೆರೆಯ ನೀರಿನಿಂದ ಏಳುತ್ತಿರುವ ಕುದುರೆಯ ಮುಖ, ಕಣ್ಣಿನ ಜಾಗದಲ್ಲಿ ಬರೀ ಬಿಳಿ. ಥ್ರ್ಯಾಶ್ ಆಲ್ಬಂಗಳ ಮೇಲೆ ಕಣ್ಣಿಲ್ಲದ ಮುಖಗಳು ಸಾಮಾನ್ಯ. ಹಾಡು ಕೇಳಿಯೇ ಹೀಗೆ ಬಿಟ್ಟಿದ್ದಾರೆ ಎಂದು ತಿಳಿದೆ. ಕಚೇರಿಯಲ್ಲಿ ವಿಚಾರಿಸದೆ ಫೋಟೊದ ಅಡಿಬರಹವನ್ನೂ ಬರೆಯದ ನಾನು ಅಂದು ಫೋನ್ ಮಾಡಲಿಲ್ಲ. ಅತ್ತೆ ಅದನ್ನು ಬರೀ ಬಣ್ಣ ತೋರಿಸಲು ಕಳಿಸಿದ್ದರು ಎಂಬುದು ಆಮೇಲೆ ತಿಳಿಯಿತು. ಹಾಡು ಅವರ ಫೋನಿನಲ್ಲಿ ತೆರೆದುಕೊಂಡೇ ಇರಲಿಲ್ಲ.

ಅಚ್ಚಾದ ಕಟ್ಟುಗಳನ್ನು ಗುಬ್ಬಿಗೆ ಒಯ್ದೆ. ಮಾವ ಒಂದು ಪ್ರತಿಯನ್ನು ಉಳಿದ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಕಣ್ಣಿಲ್ದೆ ಕಳಿಸ್ಬಿಟ್ಯಲ್ಲೋ.”

“ಬೇರೆ ಪ್ರಿಂಟ್ ಹಾಕಿಸ್ತೀನಿ ಮಾವ.”

“ಬ್ಯಾಡ ಬುಡು. ಆ ಹಾಡು ಹಾಕು.”

ಎರಡು ಸಲ ಕೇಳಿದರು. “ಹೆದರೈತೆ ಕಣೋ ಇದು,” ಎಂದರು.

ಮರುದಿನದಿಂದ ಬೆಳಗಿನ ಬಿಸಿಲಿನಲ್ಲಿ ಕೂತು ಒಂದೊಂದು ಮುಖಪುಟಕ್ಕೂ ಕೈಯಿಂದ ಕಣ್ಣು ಬರೆದರು: ಕಪ್ಪು ಗುಡ್ಡೆ, ಅದರೊಳಗೆ ಬಿಳಿ ಚುಕ್ಕೆ. ಮೂಲ ಚಿತ್ರಕ್ಕೆ ಮೊದಲು ಬರೆಯಿರಿ ಎಂದೆ. “ಹೊರಗ್ ಹೋಗೋವು ಮೊದ್ಲು. ಮನೇದು ಕೊನೆಗೆ,” ಎಂದರು. ರಜೆಯ ದಿನಗಳಲ್ಲಿ ನಾನು ಪಕ್ಕದಲ್ಲಿ ಕೂತು ಪ್ರತಿಗಳನ್ನು ಒಣಗಲು ಹರಡುತ್ತಿದ್ದೆ. ವಾರಗಳು ಕಳೆದಂತೆ ಚುಕ್ಕೆ ಗುಡ್ಡೆಯ ಅಂಚಿಗೆ ಸರಿಯಿತು. ಆಷಾಢದ ಒಂದು ಬೆಳಿಗ್ಗೆ ಕೇಳಿದರು:

“ಚುಕ್ಕೆ ಎಲ್ಲಿ ಬಿತ್ತು?”

“ಹೊರಗೆ ಬಿತ್ತು ಮಾವ.”

ಅವರು ಕುಂಚ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟರು.

ಆಲ್ಬಂ ದೀಪಾವಳಿಗೆ ಬಿಡುಗಡೆಯಾಯಿತು. ಕಣ್ಣು ಬರೆದ ಪ್ರತಿಗಳು ಮಾತ್ರ ಹೊರಗೆ ಹೋದವು. ಉಳಿದವು ಕುಣಿಗಲ್‌ನಲ್ಲಿ ಡ್ರಮ್ಮರ್ ಮನೆಯ ಅಟ್ಟದ ಮೇಲಿವೆ. ಮೂಲ ಚಿತ್ರ ಗುಬ್ಬಿಯ ಜಗಲಿಯಲ್ಲಿ ಗೋಡೆಗೆ ಒರಗಿದೆ. ಅದರ ಕಣ್ಣಿನ ಜಾಗ ಬಿಳಿಯಾಗಿಯೇ ಇದೆ.