ನಾಲ್ಕು ಎಸೆತಗಳ ಓವರ್

ಅಂದು ನಿಜವಾಗಿ ಏನಾಯಿತು ಎಂದು ಖಚಿತವಾಗಿ ಹೇಳಲಾರೆ. ಎಡ ಜೇಬಿನಿಂದ ಬಲ ಜೇಬಿಗೆ ಆರನೆಯ ಕಲ್ಲನ್ನು ದಾಟಿಸಿದ ನೆನಪು ನನ್ನ ಬೆರಳಿಗೇ ಇದೆ. ಆದರೆ ಆ ಕಥೆಯನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗ ಬೆರಳನ್ನೂ ನಂಬುವ ಹಾಗಿಲ್ಲ.

2017ರ ಬೇಸಿಗೆ. ಪರದೇಶದಲ್ಲಿ, ರೆಕ್ಸ್‌ಡೇಲ್‌ನ ಒಂದು ಬೇಸ್‌ಮೆಂಟಿನಲ್ಲಿ ನಾನು ಮತ್ತು ಧಾರವಾಡದ ಕಡೆಯ ಗೆಳೆಯನೊಬ್ಬ ಇದ್ದೆವು. ಅವನು ವಾರವೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ, ಭಾನುವಾರ ಪಾರ್ಕಿನ ತಂಡವೊಂದಕ್ಕೆ ಬೌಲಿಂಗ್ ಮಾಡುತ್ತಿದ್ದ. ಅವನನ್ನು ಬಿಟ್ಟರೆ ನನ್ನೊಡನೆ ಕನ್ನಡ ಮಾತಾಡುವವರು ಇರಲಿಲ್ಲ. ನಿಜ ಹೇಳಬೇಕೆಂದರೆ, ಯಾವ ಭಾಷೆಯಲ್ಲೂ ಇರಲಿಲ್ಲ.

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಇಲ್ಲಿ ಬೇರೇನೋ ಕೋರ್ಸಿಗೆ ಸೇರಿದ್ದೆ. ಅದರಲ್ಲೂ ಮನಸ್ಸು ನಿಲ್ಲದೆ ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಅಲ್ಲಿ ಸಿಕ್ಕವನು ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಬೌಲರ್. ಮಗ್ಗದ ಕೆಲಸಗಾರ. ಸಿರಿವಂತರ ಬ್ಯಾಟಿಂಗ್ ಅಭ್ಯಾಸಕ್ಕೆ ದಿನವಿಡೀ ಚೆಂಡೆಸೆಯುವುದೇ ಅವನ ಕೂಲಿ. ಅವರು ಮೈದಾನಕ್ಕೆ ಒಂದು ಗೇಟಿನಿಂದ ಬರುತ್ತಿದ್ದರು, ಅವನು ಇನ್ನೊಂದರಿಂದ. ಭುಜ ಸೋತ ಮೇಲೆ ಸಣ್ಣ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತ. ಯಾರ ಜೊತೆ ಊಟ ಮಾಡುತ್ತಿದ್ದ, ಸತ್ತಾಗ ಯಾರು ಬಂದರು, ಯಾವುದೂ ದಾಖಲೆಯಲ್ಲಿಲ್ಲ. ಉಳಿದಿರುವುದು ಅವನ ಓವರುಗಳು ಮಾತ್ರ. ಆಗ ಓವರಿಗೆ ನಾಲ್ಕೇ ಎಸೆತ. ವಾರಗಟ್ಟಲೆ ಅವನ್ನೇ ನಾಲ್ಕು ನಾಲ್ಕಾಗಿ ಎಣಿಸುತ್ತ ಕೂತಿದ್ದೆ.

ಅನ್ನ ಸಾರು ಕಲಸುತ್ತ ಗೆಳೆಯ ಆ ಬೌಲರನ ಬಗ್ಗೆ ತಮಾಷೆಯಾಗಿ ಕೇಳುತ್ತಿದ್ದ: "ಏನಂತಾನಪಾ ನಿಮ್ಮ ಮುತ್ತಜ್ಜ?"

"ಇವತ್ತು ಐದು ವಿಕೆಟ್ ತಗೊಂಡ."

"ನಾಕ್ ನಾಕ್ ಬಾಲ್ ಒಗದು ಐದು ವಿಕೆಟ್? ಗಟ್ಟಿ ಮುದುಕ ಬಿಡು."

ಒಂದು ಭಾನುವಾರ ಅಂಪೈರ್ ಬರಲಿಲ್ಲ. ಮರದ ಕೆಳಗೆ ಕೂತಿದ್ದ ನನ್ನನ್ನೇ ನಿಲ್ಲಿಸಿದರು. ಎಣಿಕೆ ತಪ್ಪದಿರಲೆಂದು ಆರು ಸಣ್ಣ ಕಲ್ಲು ಆರಿಸಿ ಎಡ ಜೇಬಿಗೆ ಹಾಕಿಕೊಂಡೆ. ಎಸೆತಕ್ಕೊಂದರಂತೆ ಬಲ ಜೇಬಿಗೆ ದಾಟಿಸುವುದು. ಒಬ್ಬ ಬೌಲರಿಗೆ ಐದೇ ಓವರ್. ಗೆಳೆಯನದು ಐದನೆಯದು ನಡೆದಿತ್ತು. ಒಂದರ ಹಿಂದೊಂದು ಎರಡು ವಿಕೆಟ್ ಬಿದ್ದವು. ಮುಂದಿನ ಎಸೆತಕ್ಕೂ ಬಿದ್ದರೆ ಹ್ಯಾಟ್ರಿಕ್. ಚಿಕ್ಕಂದಿನಿಂದ ಒಂದಾದರೂ ಸಿಗಲಿಲ್ಲವಲ್ಲ ಎಂದು ಕೊರಗುತ್ತಿದ್ದವನು ಅವನು. ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ರನ್‌ಅಪ್‌ನ ಗುರುತಿನತ್ತ ಹೊರಟಿದ್ದ. ನಾನು "ಓವರ್" ಎಂದೆ.

"ಏ, ಇನ್ನಾ ಎರಡು ಅದಾವಲೇ!"

"ಆರಾಯ್ತು ಕಣೋ. ಕಲ್ಲು ಎಣಿಸಿದೀನಿ."

"ತೋರ್ಸು ನೋಡೋಣು."

ಅಷ್ಟರಲ್ಲಿ ಎಲ್ಲ ಕಲ್ಲನ್ನೂ ಮತ್ತೆ ಎಡ ಜೇಬಿಗೆ ಸುರಿದುಬಿಟ್ಟಿದ್ದೆ. ಸ್ಕೋರ್ ಪುಸ್ತಕ ಮೈದಾನದ ಆಚೆ ತುದಿಯಲ್ಲಿ, ಎದುರು ತಂಡದವರ ಹತ್ತಿರ. ಗೆಳೆಯನ ಕ್ಯಾಪ್ಟನ್, ಒಬ್ಬ ಪಂಜಾಬಿ, ಅವನ ಭುಜ ತಟ್ಟಿ, "ಛೋಡೋ ಯಾರ್, ಅಂಪೈರ್ ನೇ ಬೋಲಾ ತೋ ಬೋಲಾ" ಎಂದು ಚೆಂಡನ್ನು ಬೇರೆಯವನಿಗೆ ಕೊಟ್ಟ.

ಬಸ್ಸಿನಲ್ಲಿ ಗೆಳೆಯ ಬೇರೆ ಸೀಟಿನಲ್ಲಿ ಕೂತ. ಮನೆಗೆ ಬಂದು ಶೂ ಬಿಚ್ಚುತ್ತ ಹೇಳಿದ: "ನನ್ನ ಎರಡು ಬಾಲ್ ನಿಮ್ಮ ಮುತ್ತಜ್ಜಗ ಕೊಟ್ಟಿ."

ತಪ್ಪಾಗಿರಬಹುದು ಎಂದಿದ್ದರೆ ಸಾಕಿತ್ತು. ನಾನು ಕೇಳಿದ್ದು, "ಪುರಾವೆ ಏನಿದೆ?" ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿದ್ದು ಅದೊಂದೇ. ಅವನು ತಟ್ಟೆಗೆ ಅನ್ನ ಹಾಕಿಕೊಂಡು ನಿಂತೇ ತಿಂದ. ಸೆಪ್ಟೆಂಬರಿನಲ್ಲಿ ಸ್ಟೌಫ್‌ವಿಲ್‌ಗೆ ಮನೆ ಬದಲಿಸಿದ.

ಅನಂತರದ ಎರಡು ಚಳಿಗಾಲಗಳನ್ನು ಆ ಬೇಸ್‌ಮೆಂಟಿನಲ್ಲಿ ಒಬ್ಬನೇ ಕಳೆದೆ. ಸಾರು ಇಬ್ಬರಿಗಾಗುವಷ್ಟು ಮಾಡಿ ಮಾರನೆಯ ದಿನವೂ ಅದನ್ನೇ ತಿನ್ನುತ್ತಿದ್ದೆ. ಮುತ್ತಜ್ಜನ ಬಗ್ಗೆ ಕೇಳುವವರಿಲ್ಲದ ಮೇಲೆ ಗ್ರಂಥಾಲಯಕ್ಕೆ ಹೋಗುವುದೂ ನಿಂತಿತು. ಗೆಳೆಯನ ನಂಬರು ಫೋನಿನಲ್ಲಿತ್ತು. ಕ್ಷಮೆ ಕೇಳೋಣ ಎಂದುಕೊಂಡಾಗಲೆಲ್ಲ ಆರನೆಯ ಕಲ್ಲು ಬೆರಳಿಗೆ ತಗಲುತ್ತಿತ್ತು.

2019ರ ಬೇಸಿಗೆಯಲ್ಲಿ ಅದೇ ಪಾರ್ಕಿಗೆ ಹೋಗಿ ಎದುರು ತಂಡದ ಸ್ಕೋರರನ್ನು ಹುಡುಕಿದೆ. ಗಯಾನಾದ ಮುದುಕ. ಹಳೆಯ ಪುಸ್ತಕಗಳನ್ನೆಲ್ಲ ಕಾರಿನ ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದ. ಏಕೆ ಎಂದು ಕೇಳದೆ ಪುಟ ತೆರೆದುಕೊಟ್ಟ. ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ.

ಅವನ ಐದನೆಯ ಓವರಿನ ಚೌಕದಲ್ಲಿ ಎರಡು ಚುಕ್ಕೆ, ವಿಕೆಟ್ಟಿನ ಎರಡು ಡಬ್ಲ್ಯೂ. ಎಸೆತಕ್ಕೊಂದರಂತೆ ಒಟ್ಟು ನಾಲ್ಕು ಗುರುತು.