ಅಣುವಿನೊಳಗಿನ ಮಂದಿಗೆ ಚರಗ

ನಮ್ಮೂರ ಸಾಲಿಗೆ ಕಂಪ್ಯೂಟರ್ ಬಂದು, ಡಬ್ಬಿ ಬಿಚ್ಚದೆ ಮೂಲೆಯಲ್ಲಿ ಕೂತಿದ್ದ ಕಾಲ ಅದು. ಕುಕನೂರಿನಾಚೆಗಿನ ಎರೆಸೀಮೆ. ನಾನು ಏಳನೇ ಇಯತ್ತೆ.

ವಿಜ್ಞಾನದ ಸರ್ ಬೋರ್ಡಿನ ಮೇಲೆ ಅಣುವಿನ ಚಿತ್ರ ಬರೆದರು. ನಡುವೆ ಒಂದು ಗುಂಡು, ಸುತ್ತ ತಿರುಗುವ ಸಣ್ಣ ಗುಂಡುಗಳು. ಹಿಂದಿನ ವಾರವಷ್ಟೇ ಸೂರ್ಯನನ್ನೂ ಗ್ರಹಗಳನ್ನೂ ಹೀಗೇ ಬರೆದಿದ್ದರು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಹಾಗಾದರೆ ಅಲ್ಲೂ ಒಂದು ಭೂಮಿ, ಅದರ ಮೇಲೊಂದು ಕುಕನೂರು, ಅಲ್ಲೊಂದು ಸಂತೆ! ಒಂದು ಜೋಳದ ಕಾಳಿನಲ್ಲಿ ಎಷ್ಟು ಸಂತೆಗಳಿರಬೇಡ? ರೊಟ್ಟಿ ಮುರಿಯಲೂ ಕೈ ಹಿಂಜರಿಯುತ್ತಿತ್ತು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಕೇಳಿದೆ. "ಯವ್ವಾ, ಈ ಹಿಟ್ಟಿನ ಕಣದಾಗ ನಮ್ಮಂಥಾ ಮಂದಿ ಇರಬಹುದೇನ ಬೇ?"

ಅವಳು ನಗಲಿಲ್ಲ. "ಇದ್ದರೂ ಇರಬಹುದವಾ. ಕಣ್ಣಿಗೆ ಕಾಣದವ್ರು ಭಾಳ ಮಂದಿ ಅದಾರ. ಅದಕ್ಕ ಅಲ್ಲೇನ ನಾವು ಚರಗ ಚೆಲ್ಲೋದು?"

ಎಳ್ಳಮವಾಸ್ಯೆಯ ದಿನ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಹೊತ್ತು ಹೊಲಕ್ಕೆ ಹೋಗಿ, ನಾವು ಉಣ್ಣುವ ಮೊದಲು ಬೆಳೆಯ ಸುತ್ತ ಅನ್ನ ಚೆಲ್ಲಿ ಬರುವುದೇ ಚರಗ. ಮುಂದಿನವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ, ಹಿಂದೆ ನೀರಿನ ಚಂಬು ಹಿಡಿದವರು "ಚಲ್ಲಂಬ್ರಿಗ್ಯೋ" ಎನ್ನಬೇಕು. ಎಲ್ಲರ ಹೊಲದಲ್ಲಿ ಗಂಡಸರು ಕೂಗುತ್ತಿದ್ದರು. ನಮ್ಮಪ್ಪನ ದನಿ ಅವನ ಅಂಗಿಯನ್ನೇ ದಾಟುತ್ತಿರಲಿಲ್ಲ. ಅವ್ವನದು ಹಳ್ಳದಾಚೆ ಕೇಳುತ್ತಿತ್ತು. ಚಂಬು ನನ್ನದು.

ಆ ಚಳಿಗಾಲ ತಾಲೂಕಿನಿಂದ ಒಬ್ಬ ಸಾಹೇಬರು ಸಾಲಿ ನೋಡಲು ಬಂದರು. "ಅಣು ಅಂದ್ರೇನು, ಯಾರು ಹೇಳ್ತೀರಿ?" ಎಂದರು. ನಾನು ಎದ್ದೇಬಿಟ್ಟೆ. "ಅದರಾಗ ಒಂದು ಲೋಕ ಐತ್ರಿ. ಅಲ್ಲೂ ಮಂದಿ ಅದಾರ್ರಿ. ನಮ್ಮವ್ವ ಅವ್ರಿಗೆ ವರ್ಷಾ ಚರಗ ಚೆಲ್ತಾಳ್ರಿ."

ನಗುವಿಗೆ ಸಾಹೇಬರ ಹೊಟ್ಟೆ ಕುಣಿಯಿತು. "ಹೌದೇನು! ಹೆಂಗ ಕೂಗ್ತಾಳ ನಿಮ್ಮವ್ವ? ಕೂಗಿ ತೋರಿಸು."

ದಡ್ಡಿ ನಾನು, ಮೆಚ್ಚಿದರೆಂದೇ ತಿಳಿದು ಕೊರಳು ಚಾಚಿ ಕೂಗಿದೆ. ಇಡೀ ಸಾಲಿ ಬಿದ್ದು ಬಿದ್ದು ನಕ್ಕಿತು.

ಮರುದಿನ ಅವ್ವನಿಗೆ ಕರೆ ಬಂತು. ಅವಳು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು. ಹೆಡ್‌ಮಾಸ್ತರರು ಎಲ್ಲರೆದುರೇ ಅಂದರು. "ಏನವಾ, ಹುಡುಗಿ ತಲ್ಯಾಗ ಇಂಥಾ ಮೌಢ್ಯ ತುಂಬಿದ್ರ ಹೆಂಗ? ಸಾಹೇಬ್ರ ಮುಂದ ಸಾಲಿ ಮರ್ಯಾದಿ ಹೋತು."

"ತಪ್ಪಾತ್ರಿ ಸರ. ನಾವು ಸಾಲಿ ಕಲೀಲಾರದ ಮಂದಿ," ಎಂದು ಅವ್ವ ಕೈಮುಗಿದಳು. ಆ ಕೈಗೆ ಇನ್ನೂ ಹಿಟ್ಟು ಹತ್ತಿತ್ತು. ಕಿಟಕಿಯಲ್ಲಿ ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ದಾರಿಯುದ್ದಕ್ಕೂ ಅವ್ವ ಬೈಯಲಿಲ್ಲ. ಎರಡೇಟು ಹಾಕಿದ್ದರೆ ಹಗುರಾಗುತ್ತಿತ್ತು.

ಎಳ್ಳಮವಾಸ್ಯೆ ಬಂತು. ಪಕ್ಕದ ಹೊಲದಲ್ಲಿ ನನ್ನ ಕ್ಲಾಸಿನವರ ಬಂಡಿ ನಿಂತಿತ್ತು. ಅವ್ವ ಬುಟ್ಟಿ ಹಿಡಿದು ಅತ್ತಿತ್ತ ನೋಡಿದಳು. ಹಳ್ಳ ದಾಟುತ್ತಿದ್ದ ಆ ಕೂಗು ಅವಳ ಗಂಟಲಿನಿಂದ ಗುಟ್ಟು ಹೇಳಿದಂತೆ ಬಂತು. ಈಗ ನಾನು ಓಗೊಡಬೇಕಿತ್ತು. ಬಂಡಿಯ ಕಡೆ ನೋಡಿದೆ, ಬಾಯಿ ಏಳಲಿಲ್ಲ. ಅವ್ವ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಉಳಿದದ್ದನ್ನು ಸುಮ್ಮನೆ ಚೆಲ್ಲಿದಳು.

ಅಣು ಹಾಗೆ ಸೂರ್ಯಮಂಡಲದಂತೆ ಇಲ್ಲವೆಂದು ಮುಂದೆ ನಾನೂ ಓದಿಕೊಂಡೆ, ಬಿಡಿ. ಆದರೆ ಈಗ ಮೊಬೈಲ್ ತೆರೆದರೆ ದೊಡ್ಡ ದೊಡ್ಡವರೇ ಕೂತು, ಕಣದೊಳಗೆ ಇನ್ನೊಂದು ಬ್ರಹ್ಮಾಂಡ ಇದ್ದೀತೇ ಎಂದು ಚರ್ಚಿಸುತ್ತಾರೆ. ಅವರ ಅವ್ವಂದಿರನ್ನು ಯಾರೂ ಕರೆಸುವುದಿಲ್ಲ! ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ಎಳ್ಳಮವಾಸ್ಯೆಗೆ ಕೊಪ್ಪಳದಿಂದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವ್ವ ಬಾಯಿ ಮುಚ್ಚಿಕೊಂಡೇ ಚರಗ ಚೆಲ್ಲುತ್ತಿದ್ದಳು. ಮಗಳು ಕೇಳಿದಳು. "ಆಯೀ, ಇದು ಯಾರಿಗೆ?"

ಅವ್ವ ಓದಿದ ಮಗಳಾದ ನನ್ನ ಕಡೆ ಒಮ್ಮೆ ನೋಡಿದಳು. "ಯಾರಿಗೂ ಇಲ್ಲವಾ. ಸುಮ್ನ, ಪದ್ಧತಿ."

ಚಂಬು ಹಿಡಿದು ಹಿಂದೆಯೇ ನಿಂತಿದ್ದೆ. ಓಗೊಡಲು ನನಗೀಗ ಯಾರ ನಾಚಿಕೆಯೂ ಇಲ್ಲ. ಅವ್ವ ಕೂಗುವುದಿಲ್ಲ.