ರೊಟ್ಟಿ ಬಡಿಯಲು ಎರಡಡಿ

ರಾಯಚೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸಲು ಹೊರಟಾಗ ಅಡುಗೆಮನೆಯ ನಕ್ಷೆ ನನ್ನ ಕೈಗೆ ಬಂತು. ಬಂತೇನು, ನಾನೇ ಕಸಿದುಕೊಂಡೆ. ಮಾನ್ವಿಯಲ್ಲಿ ಸಂಸಾರ ಮಾಡಿಕೊಂಡಿರುವವಳಿಗೆ ತವರಿನ ಉಸಾಬರಿ ಯಾಕೆ ಎಂದು ಯಾರೂ ಕೇಳಲಿಲ್ಲ; ನನ್ನ ಬಾಯಿಗೆ ಹೆದರಿದ್ದರು. ಅವ್ವನಿಗೆ ಮೊಣಕಾಲು ನೋವು. ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದದ್ದು ಸಾಕು ಎಂದು ಮೂರು ಗೋಡೆಗೂ ನಿಂತು ಅಡುಗೆ ಮಾಡುವ ಕಟ್ಟೆ ಬರೆಸಿದೆ. ಪಕ್ಕದಲ್ಲೇ, ತವರಿಗೆ ಬಂದಾಗ ಇಳಿದುಕೊಳ್ಳಲು ನನಗೊಂದು ಕೋಣೆ. ಅದರಲ್ಲಿ ಕಪಾಟಿಗೂ ಜಾಗ ಬೇಕೆಂದು ಜಗಳವಾಡಿ ಗೆದ್ದಿದ್ದೆ.

ಪಾಯ ತೋಡುವ ಮೊದಲು ಇಂಜಿನಿಯರ್ ಖಾಲಿ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಇಡೀ ಮನೆ ಬರೆದು ತೋರಿಸಿದ. ಇಲ್ಲದ ಬಾಗಿಲು ತೆರೆದು ತಮ್ಮ ಒಳಗೆ ಬಂದ. ಅವ್ವ ನೆಟ್ಟಗೆ ಅಡುಗೆಮನೆಗೆ ಹೋಗಿ, ಸೆರಗು ಸಿಕ್ಕಿಸಿ, ನೆಲಕ್ಕೆ ಕೂತೇಬಿಟ್ಟಳು. ಎದುರಿಗೊಂದು ಇಟ್ಟಿಗೆ ಇಟ್ಟುಕೊಂಡು ರೊಟ್ಟಿ ಬಡಿಯುವಂತೆ ಕೈ ಆಡಿಸಿದಳು. ಮೊಣಕೈ ಕಟ್ಟೆಯ ಗೆರೆ ದಾಟಿತು.

"ಇಲ್ಲಿ ರೊಟ್ಟಿ ಹೆಂಗ ಬಡೀಲಿ?"

"ನಿಂತು ಬಡಿ ಯವ್ವಾ. ನಾ ನಿಂತೇ ಬಡೀತೀನಿ."

"ಹಂಗಾದ್ರ ಈ ಮನೀಗೆ ನಾ ಬರಂಗಿಲ್ಲ."

ತಮ್ಮನ ಮುಖ ಸಪ್ಪಗಾಯಿತು. ನನಗೆ ಪಿತ್ತ ನೆತ್ತಿಗೇರಿತು. "ಕಾಲು ಮಡಚಾಕ ಬರವಲ್ದು, ಹಟ ಒಂದು ಬ್ಯಾರೆ!" ಎಂದು ಕೂಗಿದೆ. ಪಕ್ಕದ ಸೈಟಿನವರು ತಿರುಗಿ ನೋಡಿದರು.

ಅವ್ವ ಮೆಲ್ಲಗೆ ಅಂದಳು: "ನಿಂತು ಮಾಡಿದ್ರ ಇಬ್ರೂ ಗ್ವಾಡಿ ನೋಡ್ಕೋತ ಮಾಡ್ತೀವಿ. ನೀ ಬಂದ್ರ ಒಂದು ಕಡಿ ಕುಂದ್ರಾಕಿ ಅಲ್ಲ. ರೊಟ್ಟಿ ಮಾಡುವಾಗಷ್ಟ ನನ್ನ ಎದುರಿಗೆ ಕುಂದರ್ತಿ. ಅದೂ ಹೋದ್ರ ನಿನ್ನ ಮಾರಿ ಯಾವಾಗ ನೋಡ್ಲಿ?"

ನನಗೆ ನಾಚಿಕೆಯಾಯಿತು. ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಸೀರೆಗೆ ಸುಣ್ಣ ಹತ್ತಿದರೂ ಪರವಾಗಿಲ್ಲ ಎಂದು ಇಟ್ಟಿಗೆಯ ಈಚೆ ಕೂತೆ.

ಇಂಜಿನಿಯರ್ ಟೇಪು ಎಳೆದ. "ನಡುವ ಒಂದು ಗಿಡ್ಡ ಕಟ್ಟಿ ಮಾಡೂಣ್ರಿ. ಎರಡೂ ಕಡಿ ಸ್ಟೂಲ್ ಹಾಕ್ಕೊಂಡು ಎದುರಾಬದುರಾ ಕುಂದರ್ರಿ, ಕಾಲು ಮಡಚೋದು ಬ್ಯಾಡ. ಆದ್ರ ಇನ್ನೂ ಎರಡಡಿ ಬೇಕಾಗ್ತದ."

ಎಲ್ಲರೂ ನನ್ನ ಕೋಣೆಯ ಕಡೆ ನೋಡಿದರು. ನಾನೇ ಎದ್ದು ಹೋಗಿ ಅಡುಗೆಮನೆಗೂ ಕೋಣೆಗೂ ನಡುವಿನ ಗೆರೆಯನ್ನು ಚಪ್ಪಲಿಯಿಂದ ಅಳಿಸಿದೆ.

"ಅಕ್ಕಾ, ನಿನ್ನ ಕಪಾಟು?" ಎಂದ ತಮ್ಮ.

"ನಾ ಬರೋದು ಕಪಾಟು ನೋಡಾಕೇನು?"

ಅವ್ವ ಇನ್ನೂ ಇಟ್ಟಿಗೆಯ ಮುಂದೆಯೇ ಕೂತಿದ್ದಳು. ನಮ್ಮತ್ತ ಎರಡೂ ಕೈ ಚಾಚಿ, "ಮಾತು ಆಮ್ಯಾಲ ಆಡ್ರಿ, ಮೊದ್ಲ ನನ್ನ ಎಬ್ಬಸ್ರಿ," ಅಂದಳು. "ಮೊಣಕಾಲು ಹಿಡ್ಕೊಂಡಾವ."